ಸಾಗರದ ತಳದ ಸಂಪತ್ತು: ಅದು ಯಾರ ಹಿಸ್ಸೆ?

(ಸಂಸ್ಥೆಯ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ಸಂಸ್ಥೆಯ ಹಿರಿಯರು ನನ್ನನ್ನು ಕರೆದು, "ಗುರುಗಳೆ, ಮಕ್ಕಳಿಗೆ ವಿಜ್ಞಾನದ ಮೇಲೆ ಅರ್ಧ ತಾಸು ಮಾತಾಡಿರಿ" ಎಂದಾಗ ಯಾವ ವಿಷಯ ತೆಗೆದುಕೊಳ್ಳಬೇಕೆಂದು ಬಹಳ ಯೋಚಿಸಲಿಲ್ಲ. ಮೂವತ್ತೈದು ವರ್ಷಗಳಿಗೂ ಹೆಚ್ಚು ಕಾಲದಿಂದ ನನ್ನ ಮೇಲೆ ಒಂದು ಬಾಕಿ ಉಳಿದಿದೆ. ಇಂದು ಅದನ್ನು ತೀರಿಸೋಣ ಎಂದುಕೊಂಡು ಬಂದಿದ್ದೇನೆ.

1987ರಲ್ಲಿ ನಾನು ಹೊಸದಾಗಿ ಶಿಕ್ಷಕನಾಗಿದ್ದೆ. ಹಿಂದೂ ಮಹಾಸಾಗರದ ತಳದಲ್ಲಿ ಲೋಹದ ಗಂಟುಗಳಿರುವ ಒಂದೂವರೆ ಲಕ್ಷ ಚದರ ಕಿಲೋಮೀಟರ್ ಪ್ರದೇಶ ಭಾರತಕ್ಕೆ ದೊರೆಯಿತೆಂಬ ಸುದ್ದಿ ಆಗ ಪತ್ರಿಕೆಯಲ್ಲಿ ಬಂತು. ನಾನು ಅದನ್ನು ಕತ್ತರಿಸಿ ತರಗತಿಯಲ್ಲಿ ಓದಿ ತೋರಿಸಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನೇಕಾರರ ಮನೆಯ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಆ ಕಲ್ಲು ಯಾರ್ದ್ರೀ? ಯಾರೂ ಇಲ್ಲದ ಜಾಗಾ ಅವರು ನಮಗ ಹ್ಯಾಂಗ ಕೊಟ್ರು?" ನನಗೆ ಉತ್ತರ ಗೊತ್ತಿರಲಿಲ್ಲ. "ಮುಂದೆ ಹೇಳುತ್ತೇನೆ, ಕುಳಿತುಕೋ" ಎಂದೆ. ಆಕೆ ಕುಳಿತಳು. ಮುಂದಿನ ವರ್ಷ ಆಕೆ ಶಾಲೆಗೆ ಬರಲಿಲ್ಲ. ಆ ಪ್ರಶ್ನೆ ಮಾತ್ರ ನನ್ನ ಬಳಿ ಉಳಿಯಿತು.

ಸಮುದ್ರ ನಮ್ಮೂರಿಗೆ ದೂರವಿಲ್ಲ

ಸಮುದ್ರ ಕಾಣದ ಊರಿನವರಿಗೆ ಸಮುದ್ರದ ಮಾತೇಕೆ ಎಂದು ಕೆಲವರು ಅಂದುಕೊಳ್ಳಬಹುದು. ಆದರೆ ನಾವು ನಿಂತಿರುವ ಈ ನೆಲವನ್ನೇ ನೋಡಿರಿ. ಜಮಖಂಡಿ ಕಡೆಯ ಕಪ್ಪು ಎರೆಮಣ್ಣು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಕಲ್ಲಾಗಿ, ಆ ಕಲ್ಲು ಸವೆದು ಆದ ಮಣ್ಣು. ಅಲ್ಲಿಂದ ದಕ್ಷಿಣಕ್ಕೆ ಮುಧೋಳ ದಾಟಿ ಲೋಕಾಪುರ, ಕಲಾದಗಿ, ಬಾಗಲಕೋಟೆಯತ್ತ ಹೋದರೆ ಸುಣ್ಣದ ಕಲ್ಲು ಸಿಗುತ್ತದೆ. ನಮ್ಮ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳು ನಡೆಯುವುದು ಆ ಕಲ್ಲಿನ ಮೇಲೆ. ಭೂವಿಜ್ಞಾನಿಗಳು ಅದನ್ನು ಕಲಾದಗಿ ಶಿಲಾಸಮೂಹ ಎಂದು ಕರೆಯುತ್ತಾರೆ. ಅದು ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಒಂದು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಎಂದರೆ ನಮ್ಮ ಮನೆಯ ಗೋಡೆಗೆ ಬಳಿಯುವ ಸುಣ್ಣ ಮತ್ತು ಸಿಮೆಂಟು ಒಂದು ಕಾಲದ ಸಮುದ್ರದ ತಳವೇ ಆಗಿದೆ.

ಇನ್ನೂ ಸ್ವಲ್ಪ ದೂರ ಹೋಗೋಣ. ಮುಧೋಳದಂತೆಯೇ ಘೋರ್ಪಡೆ ಮನೆತನ ಆಳಿದ ಇನ್ನೊಂದು ಸಂಸ್ಥಾನ ಬಳ್ಳಾರಿ ಸೀಮೆಯ ಸಂಡೂರು. ಅಲ್ಲಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಮತ್ತು ಮ್ಯಾಂಗನೀಸ್ ಅದಿರು ಇರುವುದು ಎಲ್ಲರಿಗೂ ಗೊತ್ತು. ಆ ಅದಿರು ಗುಡ್ಡದೊಳಗೆ ಹೇಗೆ ಬಂತು? 250 ಕೋಟಿ ವರ್ಷಗಳಿಗೂ ಹಿಂದೆ ಅದು ಸಮುದ್ರವಾಗಿತ್ತು. ನೀರಿನಲ್ಲಿ ಕರಗಿದ್ದ ಕಬ್ಬಿಣ ಮತ್ತು ಮ್ಯಾಂಗನೀಸ್ ಆಮ್ಲಜನಕದೊಡನೆ ಸೇರಿ ತಳಕ್ಕೆ ಇಳಿದು ಕೂತವು. ಬಳಿಕ ಭೂಮಿಯ ಒತ್ತಡದಿಂದ ಆ ತಳ ಮೇಲೆದ್ದು ಗುಡ್ಡವಾಯಿತು. ಆದ್ದರಿಂದ ಲೋಹ ತುಂಬಿದ ಸಮುದ್ರದ ಕೆಸರು ಕರ್ನಾಟಕಕ್ಕೆ ಹೊಸ ವಿಷಯವಲ್ಲ. ನಾವು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅದನ್ನೇ ಅಗೆದು ಮಾರುತ್ತಾ ಬಂದಿದ್ದೇವೆ. ಇಂದು ನಾನು ಹೇಳಬೇಕಾಗಿರುವುದು, ಅದೇ ಕೆಲಸ ಈಗಲೂ ಆಳ ಸಮುದ್ರದ ತಳದಲ್ಲಿ ಮೌನವಾಗಿ ನಡೆದಿದೆ ಎಂಬುದನ್ನು.

ಲೋಹ ತಳಕ್ಕೆ ಇಳಿಯುವ ಎರಡು ದಾರಿ

ಸಮುದ್ರದ ತಳದಲ್ಲಿ ಲೋಹ ಸಂಗ್ರಹವಾಗುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಬಿಸಿಯ ದಾರಿ, ಇನ್ನೊಂದು ತಣ್ಣನೆಯ ದಾರಿ.

ಬಿಸಿಯ ದಾರಿಗೆ ಒಳ್ಳೆಯ ಉದಾಹರಣೆ ಕೆಂಪು ಸಮುದ್ರ. ನಮ್ಮಲ್ಲಿ ಹಜ್ ಯಾತ್ರೆಗೆ ಹೋಗಿಬಂದ ಹಿರಿಯರು ಜಿದ್ದಾದ ದಂಡೆಯಲ್ಲಿ ಆ ಸಮುದ್ರವನ್ನು ಕಣ್ಣಾರೆ ಕಂಡಿದ್ದಾರೆ. ಆ ದಂಡೆಯಿಂದ ಸುಡಾನ್ ದೇಶದ ಕಡೆಗೆ ನಡು ಸಮುದ್ರದಲ್ಲಿ, ಸುಮಾರು ಎರಡು ಕಿಲೋಮೀಟರ್ ಆಳದಲ್ಲಿ ಒಂದು ತಗ್ಗು ಇದೆ. 1960ರ ದಶಕದಲ್ಲಿ ಅದನ್ನು ಶೋಧಿಸಿದ ಅಮೆರಿಕದ ಹಡಗಿನ ಹೆಸರಿನಿಂದ ಅದಕ್ಕೆ ಅಟ್ಲಾಂಟಿಸ್-2 ಡೀಪ್ ಎಂದು ಹೆಸರು. ಸಾಮಾನ್ಯವಾಗಿ ಆಳ ಸಮುದ್ರದ ನೀರು ತಣ್ಣಗಿರುತ್ತದೆ. ಆದರೆ ಈ ತಗ್ಗಿನ ನೀರಿನ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಉಪ್ಪು ಸಾಮಾನ್ಯ ಸಮುದ್ರದ ನೀರಿಗಿಂತ ಸುಮಾರು ಏಳು ಪಟ್ಟು.

ಇದು ಹೇಗಾಯಿತು? ಕೆಂಪು ಸಮುದ್ರದ ನಡುವೆ ಭೂಮಿಯ ಚಿಪ್ಪು ಬಿರಿಯುತ್ತಿದೆ. ಅರಬಸ್ಥಾನ ಒಂದು ಕಡೆಗೆ, ಆಫ್ರಿಕ ಇನ್ನೊಂದು ಕಡೆಗೆ ಮೆಲ್ಲಗೆ ಸರಿಯುತ್ತಿವೆ. ಬಿರುಕಿನೊಳಗೆ ಇಳಿದ ಸಮುದ್ರದ ನೀರು ಕೆಳಗಿನ ಬಿಸಿ ಕಲ್ಲಿಗೆ ತಾಗಿ ಕುದಿದು, ಕಲ್ಲಿನೊಳಗಿನ ಲೋಹವನ್ನು ಕರಗಿಸಿಕೊಂಡು ಮತ್ತೆ ಮೇಲೆ ಬರುತ್ತದೆ. ಚಹದ ಪುಡಿಯ ಮೇಲೆ ಬಿಸಿ ನೀರು ಹಾಕಿದರೆ ಬಣ್ಣ ಇಳಿಯುವಂತೆ ಎಂದು ತಿಳಿಯಿರಿ. ಮೇಲೆ ಬಂದ ನೀರು ತಣ್ಣಗಾದಾಗ ಲೋಹ ಕೆಳಗೆ ಕೂರುತ್ತದೆ. ಆ ತಗ್ಗಿನ ಭಾರವಾದ ಉಪ್ಪುನೀರು ಅದನ್ನು ಹೊರಗೆ ಹೋಗಗೊಡುವುದಿಲ್ಲ. ಹೀಗಾಗಿ ಅಲ್ಲಿ ಸತು, ತಾಮ್ರ, ಬೆಳ್ಳಿ ಬೆರೆತ ಬಣ್ಣ ಬಣ್ಣದ ಕೆಸರು ಪದರ ಪದರವಾಗಿ ತುಂಬಿದೆ. ಉಪ್ಪು ನೀರು ಕಳೆದ ಒಣ ತೂಕದಲ್ಲೇ ಅದು ಸುಮಾರು 9 ಕೋಟಿ ಟನ್ ಎಂದು ಅಂದಾಜು. 1970ರ ದಶಕದಲ್ಲಿ ಸೌದಿ ಅರೇಬಿಯ ಮತ್ತು ಸುಡಾನ್ ಈ ಸಂಪತ್ತಿಗಾಗಿ ಜಗಳವಾಡದೆ ಒಪ್ಪಂದ ಮಾಡಿಕೊಂಡು ಜಂಟಿ ಆಯೋಗ ರಚಿಸಿದವು. 1979ರಲ್ಲಿ ಒಂದು ಜರ್ಮನ್ ಕಂಪನಿ ಹಡಗಿನಿಂದ ಕೊಳವೆ ಇಳಿಬಿಟ್ಟು ಆ ಕೆಸರನ್ನು ಮೇಲೆತ್ತಿ ತೋರಿಸಿತು. ಆದರೆ ಅಂದಿನಿಂದ ಇಂದಿನವರೆಗೆ ಅಲ್ಲಿ ವಾಣಿಜ್ಯ ಗಣಿಗಾರಿಕೆ ನಡೆದಿಲ್ಲ. ಎತ್ತಬಹುದು ಎನ್ನುವುದು ಬೇರೆ, ಎತ್ತಿದರೆ ಗಿಟ್ಟುತ್ತದೆ ಎನ್ನುವುದು ಬೇರೆ, ಎತ್ತಬೇಕೆ ಎನ್ನುವುದು ಮೂರನೆಯದು. ಈ ಮೂರು ಪ್ರಶ್ನೆಗಳನ್ನು ನೆನಪಿಡಿ.

ತಣ್ಣನೆಯ ದಾರಿ ಇದಕ್ಕಿಂತ ಸೋಜಿಗದ್ದು. ನಾಲ್ಕೈದು ಕಿಲೋಮೀಟರ್ ಆಳದ ವಿಶಾಲ ಬಯಲಿನಲ್ಲಿ, ಬಿಸಿಲು ಎಂದೂ ಕಾಣದ ಕತ್ತಲೆಯಲ್ಲಿ, ಮೆತ್ತನೆಯ ಕೆಸರಿನ ಮೇಲೆ ಕಪ್ಪು ಗಂಟುಗಳು ಬಿದ್ದಿರುತ್ತವೆ. ಸಾಮಾನ್ಯವಾಗಿ ಅವು ಆಲೂಗಡ್ಡೆ, ನಿಂಬೆಹಣ್ಣಿನ ಗಾತ್ರದವು. ಇವನ್ನು ಬಹುಲೋಹ ಗಂಟುಗಳು ಎನ್ನುತ್ತಾರೆ. ಬ್ರಿಟನ್ನಿನ ಚಾಲೆಂಜರ್ ಎಂಬ ಹಡಗು 1872ರಿಂದ 1876ರವರೆಗೆ ಜಗತ್ತಿನ ಸಾಗರಗಳನ್ನು ಸುತ್ತಿದಾಗ ಇವು ಕೈಗೆ ಬಂದವು.

ಒಂದು ಗಂಟನ್ನು ನಡುವೆ ಸೀಳಿದರೆ ಈರುಳ್ಳಿಯಂತೆ ಪದರಗಳು ಕಾಣುತ್ತವೆ. ನಡುವೆ ಒಂದು ಕಲ್ಲಿನ ಚೂರೋ ಶಾರ್ಕ್ ಮೀನಿನ ಹಲ್ಲೋ ಇರುತ್ತದೆ. ಅದರ ಸುತ್ತ ಸಮುದ್ರದ ನೀರಿನಿಂದಲೂ ಕೆಳಗಿನ ಕೆಸರಿನಿಂದಲೂ ಮ್ಯಾಂಗನೀಸ್ ಮತ್ತು ಕಬ್ಬಿಣ ಬಂದು ಅಂಟುತ್ತವೆ. ಅವು ತಮ್ಮೊಡನೆ ನಿಕಲ್, ತಾಮ್ರ, ಕೋಬಾಲ್ಟುಗಳನ್ನು ಹಿಡಿದುಕೊಳ್ಳುತ್ತವೆ. ಬೆಳೆಯುವ ವೇಗ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಮಕ್ಕಳೆ, ಲೆಕ್ಕ ಮಾಡಿರಿ. ಹತ್ತು ಲಕ್ಷ ವರ್ಷಕ್ಕೆ ಎರಡೂವರೆ ಮಿಲಿಮೀಟರ್ ಎಂದು ಹಿಡಿದರೆ, ಐದು ಸೆಂಟಿಮೀಟರ್ ಅಗಲದ ಒಂದು ನಿಂಬೆಹಣ್ಣಿನಂಥ ಗಂಟು ಬೆಳೆಯಲು ಒಂದು ಕೋಟಿ ವರ್ಷ ಬೇಕು. ಮನುಷ್ಯ ಭೂಮಿಗೆ ಬರುವ ಮೊದಲೇ ಅದು ಬೆಳೆಯಲು ತೊಡಗಿತ್ತು.

ಇಷ್ಟು ನಿಧಾನವಾಗಿ ಬೆಳೆಯುವ ವಸ್ತು ಹೂಳಿನಲ್ಲಿ ಮುಚ್ಚಿಹೋಗದೆ ಉಳಿಯಬೇಕಾದರೆ ಅಲ್ಲಿ ಹೂಳು ತೀರ ಕಡಿಮೆ ಇರಬೇಕು. ನಮ್ಮ ಕೃಷ್ಣೆ, ಗೋದಾವರಿ, ಗಂಗೆಯಂಥ ನದಿಗಳು ತಂದು ಹಾಕುವ ಮಣ್ಣು ಬಂಗಾಳ ಕೊಲ್ಲಿಯ ತಳವನ್ನು ದಪ್ಪವಾಗಿ ಮುಚ್ಚಿದೆ. ಆದ್ದರಿಂದ ಒಳ್ಳೆಯ ಗಂಟುಗಳು ಸಿಗುವುದು ನದಿಗಳ ಕೆಸರು ಮುಟ್ಟದ ದೂರದಲ್ಲಿ, ಭೂಮಧ್ಯರೇಖೆಯನ್ನು ದಾಟಿದ ಮಧ್ಯ ಹಿಂದೂ ಮಹಾಸಾಗರದ ಬಯಲಿನಲ್ಲಿ.

ಗವೇಷಣಿಯ ಕಥೆ

ಭಾರತ ಈ ಕೆಲಸಕ್ಕೆ ಕೈಹಾಕಿದ ಕಥೆಯನ್ನು ನಮ್ಮ ಮಕ್ಕಳು ತಿಳಿದಿರಬೇಕು. ನಮ್ಮೂರಿಂದ ಬೆಳಗಾವಿ ದಾಟಿ ಘಟ್ಟ ಇಳಿದರೆ ಗೋವೆ. ಅಲ್ಲಿನ ದೋನಾ ಪಾವ್ಲಾ ಎಂಬಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. 1966ರ ಜನವರಿ 1ರಂದು ಆರಂಭವಾದ ಸಂಸ್ಥೆ ಅದು. ನಮ್ಮವರು ಗೋವೆಗೆ ಹೋದರೆ ದಂಡೆ ನೋಡಿ ಬರುತ್ತಾರೆ. ಈ ಸಂಸ್ಥೆಯ ಬಾಗಿಲ ಮುಂದೆಯೇ ಹಾದುಹೋದರೂ ಅದು ಏನೆಂದು ಕೇಳುವವರು ವಿರಳ.

ಆ ಸಂಸ್ಥೆಯ ಹಡಗು ಗವೇಷಣಿ. ಅದೇನು ಹೊಸದಾಗಿ ಕಟ್ಟಿದ ವೈಭವದ ಹಡಗಲ್ಲ. ಬಂದರಿನ ಹೂಳು ಸಾಗಿಸುವ ನೌಕೆಯೊಂದನ್ನು ಕೊಲ್ಕತ್ತದಲ್ಲಿ ಮಾರ್ಪಡಿಸಿ ಸಂಶೋಧನೆಗೆ ಸಿದ್ಧಪಡಿಸಿದ್ದು. 1976ರಲ್ಲಿ ಅದು ಕೆಲಸ ಆರಂಭಿಸಿತು. 1981ರ ಜನವರಿ 26ರಂದು, ಗಣರಾಜ್ಯ ದಿನದಂದೇ, ಅದು ಅರಬ್ಬಿ ಸಮುದ್ರದ ಆಳದಿಂದ ಭಾರತದ ಮೊದಲ ಬಹುಲೋಹ ಗಂಟುಗಳನ್ನು ಎತ್ತಿ ತಂದಿತು. ಶ್ರೀಮಂತ ದೇಶಗಳು ಮಾತ್ರ ಮಾಡುತ್ತಿದ್ದ ಕೆಲಸವನ್ನು ಮಾರ್ಪಡಿಸಿದ ಹೂಳಿನ ನೌಕೆಯೊಂದು ಮಾಡಿತು.

ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಡಾ. ಸೈಯದ್ ಜಹೂರ್ ಕಾಸಿಂ. 1926ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ, ಬ್ರಿಟನ್ನಿನಲ್ಲಿ ಸಂಶೋಧನೆ ಮಾಡಿ ಮರಳಿದವರು. ಅವರು ಹುಟ್ಟಿದ ಊರಿಗೂ ಸಮುದ್ರವಿರಲಿಲ್ಲ ಎಂಬುದನ್ನು ಗಮನಿಸಿರಿ. ಅದೇ 1981ರ ಕೊನೆಯಲ್ಲಿ ಅಂಟಾರ್ಕ್ಟಿಕಕ್ಕೆ ಹೊರಟ ಭಾರತದ ಮೊದಲ ತಂಡದ ನಾಯಕರೂ ಅವರೇ. ಮುಂದೆ ಸಾಗರ ಅಭಿವೃದ್ಧಿ ಇಲಾಖೆಯ ಕಾರ್ಯದರ್ಶಿಯಾದರು, ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಕುಲಪತಿಯಾದರು. 2015ರಲ್ಲಿ ತೀರಿಕೊಂಡರು. ಅವರೊಡನೆ ಸಮುದ್ರದ ಭೂವಿಜ್ಞಾನದಲ್ಲಿ ದುಡಿದ ಇನ್ನೊಬ್ಬರು ಎಚ್. ಎನ್. ಸಿದ್ದಿಕಿ. 1978ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದು, ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾಗಿ, 1986ರಲ್ಲಿ ಅಧಿಕಾರದಲ್ಲಿರುವಾಗಲೇ ನಿಧನರಾದರು. ಭಾರತಕ್ಕೆ ಆ ಪ್ರದೇಶ ದೊರೆತದ್ದನ್ನು ಅವರು ನೋಡಲಿಲ್ಲ.

1987ರ ಆಗಸ್ಟಿನಲ್ಲಿ ಜಗತ್ತಿನಲ್ಲೇ ಮೊದಲ ದೇಶವಾಗಿ ಭಾರತಕ್ಕೆ "ಮುಂಚೂಣಿ ಹೂಡಿಕೆದಾರ" ಎಂಬ ಸ್ಥಾನ ಸಿಕ್ಕಿತು. 2002ರ ಮಾರ್ಚ್ 25ರಂದು ಶೋಧನೆಯ ಕರಾರು ಆಯಿತು. ಆ ಕರಾರನ್ನು 2017ರಲ್ಲಿಯೂ 2022ರಲ್ಲಿಯೂ ವಿಸ್ತರಿಸಲಾಗಿದೆ. ನಿಯಮದಂತೆ ಅರ್ಧ ಪ್ರದೇಶ ಬಿಟ್ಟುಕೊಟ್ಟ ಮೇಲೆ ಉಳಿದದ್ದು 75,000 ಚದರ ಕಿಲೋಮೀಟರ್. ನಮ್ಮ ಬಾಗಲಕೋಟೆ ಜಿಲ್ಲೆಯಂಥ ಹನ್ನೊಂದು ಜಿಲ್ಲೆಗಳನ್ನು ಅದರಲ್ಲಿ ಹಾಸಬಹುದು.

ಅಲ್ಲಿ ಒಟ್ಟು 38 ಕೋಟಿ ಟನ್ ಗಂಟುಗಳಿವೆ ಎಂದು ಅಂದಾಜು. ಅದರಲ್ಲಿ ಮ್ಯಾಂಗನೀಸ್ 9 ಕೋಟಿ 25 ಲಕ್ಷ ಟನ್, ನಿಕಲ್ 47 ಲಕ್ಷ ಟನ್, ತಾಮ್ರ ಸುಮಾರು 43 ಲಕ್ಷ ಟನ್, ಕೋಬಾಲ್ಟ್ ಐದೂವರೆ ಲಕ್ಷ ಟನ್. ದೊಡ್ಡ ಸಂಖ್ಯೆ ಕೇಳಿ ಬೆರಗಾಗಬೇಡಿ, ಅದನ್ನು ಚಿಕ್ಕದು ಮಾಡಿ ನೋಡುವುದೇ ವಿಜ್ಞಾನ. 38 ಕೋಟಿ ಟನ್ನನ್ನು 75,000 ಚದರ ಕಿಲೋಮೀಟರಿಗೆ ಹಂಚಿದರೆ ಒಂದು ಚದರ ಮೀಟರಿಗೆ ಬರುವುದು ಕೇವಲ ಐದು ಕಿಲೋ. ನೂರು ಕಿಲೋ ಗಂಟಿನಲ್ಲಿ ಮ್ಯಾಂಗನೀಸ್ 24 ಕಿಲೋ, ನಿಕಲ್ ಮತ್ತು ತಾಮ್ರ ಒಂದೊಂದು ಕಿಲೋಕ್ಕೆ ತುಸು ಹೆಚ್ಚು, ಕೋಬಾಲ್ಟ್ ಸುಮಾರು 140 ಗ್ರಾಂ. ಹಾಗಾದರೆ ಲಾಭದ ಮಟ್ಟಕ್ಕೆ ಗಂಟು ಆರಿಸಬೇಕಾದರೆ ಎಷ್ಟು ನೆಲ ಕೆರೆಯಬೇಕಾದೀತು? ಮುಂದಿನ ಮಾತಿಗೆ ಇದೇ ಬುನಾದಿ.

ಈ ಲೋಹ ನಮಗೇಕೆ ಬೇಕು?

ನಿಮ್ಮ ಕಿಸೆಯಲ್ಲಿರುವ ಮೊಬೈಲಿನ ಬ್ಯಾಟರಿಯಲ್ಲಿ ಕೋಬಾಲ್ಟ್ ಇದೆ. ವಿದ್ಯುತ್ ವಾಹನಗಳ ಹಲವು ಬಗೆಯ ಬ್ಯಾಟರಿಗಳಲ್ಲಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಮೂರೂ ಇವೆ. ರಬಕವಿ-ಬನಹಟ್ಟಿಯ ಮಗ್ಗಗಳನ್ನು ನಡೆಸುವ ಮೋಟಾರುಗಳಲ್ಲಿ ತಾಮ್ರವಿದೆ. ಸಕ್ಕರೆ ಕಾರ್ಖಾನೆಗಳ ತುಕ್ಕು ಹಿಡಿಯದ ಉಕ್ಕಿಗೆ ನಿಕಲ್ ಬೇಕು. ಭಾರತ ಕೋಬಾಲ್ಟ್ ಮತ್ತು ನಿಕಲ್‌ಗಳಿಗೆ ಬಹುಪಾಲು ಹೊರದೇಶಗಳನ್ನೇ ನಂಬಿದೆ. ಕೊಡುವವರು ನಾಳೆ ಕೈ ಹಿಂದೆಗೆದರೆ ನಮ್ಮ ಕೆಲಸ ನಿಲ್ಲುತ್ತದೆ. ಆದ್ದರಿಂದ ಸರಕಾರಗಳು ಸಮುದ್ರದತ್ತ ನೋಡುವುದರಲ್ಲಿ ತಪ್ಪಿಲ್ಲ.

2021ರಲ್ಲಿ ಕೇಂದ್ರ ಸರಕಾರ 4,077 ಕೋಟಿ ರೂಪಾಯಿಗಳ ಆಳ ಸಾಗರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ವರಾಹ ಎಂಬ ಯಂತ್ರವನ್ನು ಮಧ್ಯ ಹಿಂದೂ ಮಹಾಸಾಗರದ 5,270 ಮೀಟರ್ ಆಳದಲ್ಲಿ ಓಡಿಸಿ ನೋಡಿತು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಬಲ್ಲ ಮತ್ಸ್ಯ-6000 ನೌಕೆಯ ಕೆಲಸವನ್ನೂ ಅದೇ ಸಂಸ್ಥೆ ಕೈಗೆತ್ತಿಕೊಂಡಿದೆ. ಆ ಆಳದಲ್ಲಿ ಒಂದೊಂದು ಚದರ ಸೆಂಟಿಮೀಟರ್ ಮೇಲೆ ಸುಮಾರು 600 ಕಿಲೋ ಭಾರ ಬೀಳುತ್ತದೆ. ಅಂದರೆ ನಿಮ್ಮ ಹೆಬ್ಬೆರಳ ಉಗುರಿನ ಮೇಲೆ ಒಂದು ಎಮ್ಮೆ ನಿಂತಂತೆ. 2025ರ ಆಗಸ್ಟಿನಲ್ಲಿ ಇಬ್ಬರು ಭಾರತೀಯರು ಫ್ರಾನ್ಸಿನ ನೌಕೆಯಲ್ಲಿ ಅಟ್ಲಾಂಟಿಕ್ ಸಾಗರದ ನಾಲ್ಕರಿಂದ ಐದು ಕಿಲೋಮೀಟರ್ ಆಳಕ್ಕೆ ಇಳಿದು ಅನುಭವ ಪಡೆದು ಬಂದಿದ್ದಾರೆ.

ಅದು ಯಾರ ಹಿಸ್ಸೆ?

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಆ ಕಲ್ಲು ಯಾರದು?

1967ರ ನವೆಂಬರ್ 1ರಂದು ಮಾಲ್ಟಾ ಎಂಬ ಪುಟ್ಟ ದ್ವೀಪ ದೇಶದ ಪ್ರತಿನಿಧಿ ಅರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ಎದ್ದು ನಿಂತು ಒಂದು ವಾದ ಮಂಡಿಸಿದರು. ದೇಶಗಳ ಗಡಿಯಾಚೆಗಿನ ಸಮುದ್ರದ ತಳ ಯಂತ್ರವಿದ್ದವನ ಪಾಲಾಗಬಾರದು, ಅದು ಇಡೀ ಮನುಕುಲದ ಸಮಾನ ಆಸ್ತಿಯಾಗಬೇಕು ಎಂಬುದು ಆ ವಾದದ ತಿರುಳು. ವರ್ಷಗಟ್ಟಲೆ ಚರ್ಚೆಯಾಗಿ 1982ರಲ್ಲಿ ಸಮುದ್ರ ಕಾನೂನಿನ ಒಪ್ಪಂದ ರೂಪುಗೊಂಡಿತು, 1994ರಲ್ಲಿ ಜಾರಿಗೆ ಬಂತು. 1995ರಲ್ಲಿ ಭಾರತ ಅದನ್ನು ಅನುಮೋದಿಸಿತು. ಜಮೈಕಾ ದೇಶದ ಕಿಂಗ್‌ಸ್ಟನ್ ನಗರದಲ್ಲಿ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರ ಸ್ಥಾಪನೆಯಾಯಿತು. ಭಾರತಕ್ಕೆ ಶೋಧನೆಯ ಕರಾರು ಬರೆದುಕೊಟ್ಟದ್ದು ಅದೇ. ಕೊಟ್ಟದ್ದು ಹುಡುಕುವ ಹಕ್ಕು ಮಾತ್ರ, ಮಾಲೀಕತ್ವವಲ್ಲ.

ಈ ಕಾನೂನಿನಲ್ಲಿ ಒಂದು ಸೊಗಸಾದ ಉಪಾಯವಿದೆ. ಅರ್ಜಿ ಹಾಕುವವರು ಸಮಾನ ಬೆಲೆಯ ಎರಡು ಪ್ರದೇಶಗಳನ್ನು ಶೋಧಿಸಿ ತೋರಿಸಬೇಕು. ಪ್ರಾಧಿಕಾರ ಒಂದನ್ನು ಅವರಿಗೆ ಕೊಟ್ಟು, ಇನ್ನೊಂದನ್ನು ತನಗೂ ಬಡ ರಾಷ್ಟ್ರಗಳಿಗೂ ಕಾಯ್ದಿಡುತ್ತದೆ. ನಮ್ಮಲ್ಲಿ ಹೊಲ ಹಂಚುವಾಗ ಹಿರಿಯರು ಏನು ಹೇಳುತ್ತಾರೆ? ಅಣ್ಣ ಹಿಸ್ಸೆ ಮಾಡಲಿ, ತಮ್ಮ ಆರಿಸಿಕೊಳ್ಳಲಿ. ಹಾಗಿದ್ದರೆ ಅಣ್ಣ ಮೋಸ ಮಾಡಲಾರ. ಅದೇ ನ್ಯಾಯ ಇಲ್ಲಿಯೂ ಇದೆ.

ಆದರೆ ಎಲ್ಲರೂ ಈ ಪಂಚಾಯಿತಿಗೆ ಒಪ್ಪಿಲ್ಲ. ಅಮೆರಿಕ ಈ ಒಪ್ಪಂದಕ್ಕೆ ಸೇರಿಲ್ಲ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಅಧ್ಯಕ್ಷರು ತಮ್ಮದೇ ದೇಶದ ಕಾನೂನಿನಡಿ ಸಾಗರತಳದ ಗಣಿಗೆ ಪರವಾನಿಗೆಗಳನ್ನು ಚುರುಕುಗೊಳಿಸಲು ಆದೇಶ ಹೊರಡಿಸಿದರು. ಇನ್ನೊಂದು ಕಡೆ ಮೂವತ್ತಕ್ಕೂ ಹೆಚ್ಚು ದೇಶಗಳು, ಪೂರ್ತಿ ತಿಳಿಯುವವರೆಗೆ ಗಣಿ ಬೇಡ, ತಡೆಯಿರಿ ಎನ್ನುತ್ತಿವೆ. ಎಲ್ಲರ ಆಸ್ತಿ ಎನ್ನುವ ಮಾತು ಉಳಿಯುವುದೋ ಅಳಿಯುವುದೋ ಎಂಬುದು ನಿಮ್ಮ ಆಯುಷ್ಯದಲ್ಲಿಯೇ ತೀರ್ಮಾನವಾಗಲಿದೆ.

ಅಗೆಯುವ ಮೊದಲು ಕೇಳಬೇಕಾದದ್ದು

ತಡೆಯಿರಿ ಎನ್ನುವವರ ಮಾತಿನಲ್ಲಿಯೂ ಹುರುಳಿದೆ. ಆ ಕತ್ತಲೆಯ ಬಯಲು ಬರಿದಲ್ಲ. ಪೆಸಿಫಿಕ್ ಸಾಗರದ ಗಂಟುಗಳ ಪ್ರದೇಶವೊಂದರ ಬಗ್ಗೆ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿ ಕಂಡ ಐದು ಸಾವಿರಕ್ಕೂ ಹೆಚ್ಚು ಜೀವಿಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟಕ್ಕೆ ವಿಜ್ಞಾನ ಇನ್ನೂ ಹೆಸರನ್ನೇ ಇಟ್ಟಿಲ್ಲ. ಕೆಲವು ಜೀವಿಗಳಿಗೆ ಅಂಟಿಕೊಳ್ಳಲು ಸಿಗುವ ಗಟ್ಟಿ ನೆಲವೆಂದರೆ ಆ ಗಂಟೇ. 1989ರಲ್ಲಿ ಪೆರು ದೇಶದ ಆಚೆ ಜರ್ಮನ್ ವಿಜ್ಞಾನಿಗಳು ಪರೀಕ್ಷೆಗಾಗಿ ತಳವನ್ನು ಉತ್ತರು. 26 ವರ್ಷ ಬಿಟ್ಟು ನೋಡಿದಾಗ ಆ ಸಾಲುಗಳು ನಿನ್ನೆ ಉತ್ತಂತೆ ಇದ್ದವು. 1979ರಲ್ಲಿ ಪೆಸಿಫಿಕ್ಕಿನಲ್ಲಿ ಓಡಿದ ಯಂತ್ರದ ಜಾಡು ನಾಲ್ಕು ದಶಕಗಳ ಮೇಲೂ ಅಳಿದಿಲ್ಲ. ಕೆಲವು ಸಣ್ಣ ಜೀವಿಗಳು ಮರಳಿವೆ, ಆದರೆ ಎಲ್ಲವೂ ಮರಳಿಲ್ಲ. ಭಾರತವೂ 1997ರಲ್ಲಿ ಮಧ್ಯ ಹಿಂದೂ ಮಹಾಸಾಗರದಲ್ಲಿ ಇಂಥ ಪರೀಕ್ಷೆ ಮಾಡಿ, ಎದ್ದ ಕೆಸರು ಏನು ಮಾಡುತ್ತದೆಂದು ಅಳೆದಿದೆ. ಅಗೆಯುವ ಮೊದಲು ಅಳೆದದ್ದು ಒಳ್ಳೆಯ ನಡೆ.

ಅಳೆಯದೆ ಅಗೆದರೆ ಏನಾಗುತ್ತದೆಂದು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಚೀನಾದಲ್ಲಿ ಕಬ್ಬಿಣಕ್ಕೆ ಬೆಲೆ ಏರಿದ ಆ ವರ್ಷಗಳಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆಯ ದಾರಿಗಳು ಕೆಂಪಾದವು, ಬೆಳೆ ಕೆಂಪಾಯಿತು, ಕುಡಿಯುವ ನೀರು ಕೆಂಪಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಸಾವಿರಾರು ಕೂಲಿಕಾರರ ಕೆಲಸವೂ ಅದರೊಡನೆ ಹೋಯಿತು. ಅದೂ ಸಮುದ್ರದ ತಳದ ಕೆಸರೇ ಆಗಿತ್ತು, 250 ಕೋಟಿ ವರ್ಷ ಹಳೆಯದು. ಬಳ್ಳಾರಿಯ ಧೂಳನ್ನು ನೋಡಲು ಜನರಿದ್ದರು, ದೂರು ಕೊಡಲು ಜನರಿದ್ದರು. ಐದು ಕಿಲೋಮೀಟರ್ ಆಳದ ಧೂಳನ್ನು ಯಾರು ನೋಡುತ್ತಾರೆ?

ಬೀಳಗಿಯವರಿಗೂ ಇದು ಗೊತ್ತು. ಆಲಮಟ್ಟಿಯ ನೀರು ನಾಡಿಗೆ ಬೇಕಾಗಿತ್ತು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಹಿನ್ನೀರಿನಲ್ಲಿ ಮುಳುಗಿದ ಹೊಲ, ಮನೆ, ಮಸೀದಿ, ಗುಡಿಗಳ ಲೆಕ್ಕ ಕೊಟ್ಟವರು ಬೇರೆ, ನೀರು ಪಡೆದವರು ಬೇರೆ. ಲಾಭ ಒಬ್ಬರದು, ನಷ್ಟ ಇನ್ನೊಬ್ಬರದು ಆಗುವಾಗ ಮೊದಲೇ ಕೇಳಿ ಮೊದಲೇ ಹಂಚಬೇಕು.

ಹಂಚಿಕೊಂಡು ಮಾಡಿದ ಕೆಲಸಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ವಂತಿಗೆ ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಅವರು ಇಟ್ಟ ಹೆಸರು ಶ್ರಮಬಿಂದು ಸಾಗರ. ಬೆವರ ಹನಿ ಕೂಡಿದ ಸಾಗರ ಅದು. ಆ ನೀರು ಒಬ್ಬನದಲ್ಲ, ದಂಡೆಯ ಎಲ್ಲರದು. ಪಾರ್ಡೊ ವಿಶ್ವಸಂಸ್ಥೆಯಲ್ಲಿ ಕೇಳಿದ್ದೂ ಬೇರೇನಲ್ಲ.

ಮಕ್ಕಳಿಗೆ ಎರಡು ಮಾತು

ಮಕ್ಕಳೆ, ಈ ತೀರ್ಮಾನ ಮಾಡುವ ಕೋಣೆಯಲ್ಲಿ ನಿಮ್ಮವರು ಯಾರಾದರೂ ಇರಬೇಡವೆ? ನಮ್ಮ ಭಾಗದಲ್ಲಿ ಚೆನ್ನಾಗಿ ಓದುವ ಮಗು ಎಂದರೆ ವೈದ್ಯ ಇಲ್ಲವೆ ಎಂಜಿನಿಯರ್. ಮೂರನೆಯ ಬಾಗಿಲನ್ನು ನಾವು ತೋರಿಸುವುದೇ ಇಲ್ಲ. ನಾನು ಪಿಯುಸಿ ಮುಗಿಸಿದಾಗ ಭೂವಿಜ್ಞಾನ ಓದುವ ಆಸೆ ಇತ್ತು. "ಕಲ್ಲು ಓದಿ ಏನು ಮಾಡುತ್ತೀ?" ಎಂದರು. ನಾನೂ ಸುಮ್ಮನಾದೆ. ನೀವು ಸುಮ್ಮನಾಗಬೇಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ, ಕಾರವಾರದಲ್ಲಿ ಅದರ ಸಾಗರ ಜೀವಶಾಸ್ತ್ರ ವಿಭಾಗವಿದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ಕಲಿಸುತ್ತಾರೆ. ಅಲ್ಲಿಂದ ಗೋವೆಗೆ, ಚೆನ್ನೈಗೆ ದಾರಿ ಇದೆ. ಗಂಟಿನಿಂದ ಲೋಹ ಬಿಡಿಸಲು ರಸಾಯನಶಾಸ್ತ್ರದವರು ಬೇಕು, ಯಂತ್ರಕ್ಕೆ ಎಂಜಿನಿಯರು ಬೇಕು, ಕೆಸರಿನ ಹುಳುವಿಗೆ ಹೆಸರಿಡಲು ಜೀವಶಾಸ್ತ್ರದವರು ಬೇಕು, ಹಿಸ್ಸೆಯ ನ್ಯಾಯ ಹೇಳಲು ಕಾನೂನು ಓದಿದವರು ಬೇಕು.

ಪಾಲಕರಲ್ಲಿ ಒಂದು ವಿನಂತಿ. ಗೋವೆಯ ಅದೇ ಸಂಸ್ಥೆಯ ವಿಜ್ಞಾನಿ ಅದಿತಿ ಪಂತ್ 1983ರ ತಂಡದಲ್ಲಿ ಅಂಟಾರ್ಕ್ಟಿಕಕ್ಕೆ ಹೋದರು. ಹೆಣ್ಣುಮಗಳು ಹಿಮಖಂಡಕ್ಕೆ ಹೋಗಿಬರಬಹುದಾದರೆ, ನಮ್ಮ ಹೆಣ್ಣುಮಕ್ಕಳು ಹತ್ತನೆಯ ಇಯತ್ತೆ ದಾಟಿ ಧಾರವಾಡಕ್ಕೆ ಹೋಗಿಬರುವುದು ದೊಡ್ಡ ಮಾತಲ್ಲ. ಹಿಂದಿನ ಸಾಲಿನಲ್ಲಿ ಕುಳಿತು ಪ್ರಶ್ನೆ ಕೇಳಿದ ಆ ಹುಡುಗಿ ಮುಂದೆ ಓದಿದ್ದರೆ ಏನಾಗುತ್ತಿದ್ದಳೋ. ಆಕೆಗೆ ಅಂದು ಉತ್ತರ ಕೊಡಲಾಗದ ತಪ್ಪು ನನ್ನದು. ಆಕೆಯನ್ನು ಶಾಲೆಯಲ್ಲಿ ಉಳಿಸಿಕೊಳ್ಳಲಾಗದ ತಪ್ಪು ನಮ್ಮೆಲ್ಲರದು.

ಇಂದು ಆಕೆ ಎಲ್ಲಿದ್ದಾಳೋ ತಿಳಿಯದು. ಆಕೆಯ ಮೊಮ್ಮಕ್ಕಳು ಈ ಸಭೆಯಲ್ಲಿಯೇ ಇದ್ದರೂ ಇರಬಹುದು. ಉತ್ತರ ಇದು, ಮಗು: ಆ ಕಲ್ಲು ಯಾರೊಬ್ಬರದೂ ಅಲ್ಲ. ನಿನ್ನದೂ ಹೌದು, ನನ್ನದೂ ಹೌದು, ಇನ್ನೂ ಹುಟ್ಟದವರದೂ ಹೌದು. ನಿನ್ನ ಹಿಸ್ಸೆ ಕಾಯಬೇಕಾದರೆ ನೀನು ಓದಬೇಕು.